ನಂದಿಬಟ್ಟಲು ಕಿತ್ತ ಜಾಗ

ಗಿಡ ಕೀಳುವುದು ಎಲ್ಲರಿಗೂ ಬರುತ್ತದೆ, ಕಿತ್ತದ್ದನ್ನು ಬದುಕಿಸುವುದು ಸುಶೀಲವ್ವನಿಗೆ ಮಾತ್ರ ಎಂದು ದಾಂಡೇಲಿ ಮಿಲ್ಲಿನ ಚಾಳಿನ ಹೆಂಗಸರು ಹೇಳುತ್ತಿದ್ದರು. ಹೇಳದಿದ್ದರೆ ಅವಳೇ ಹೇಳಿಸಿಕೊಳ್ಳುತ್ತಿದ್ದಳು. ಧಾರವಾಡದ ಕಡೆಯಿಂದ ಗಂಡ ಗೂಳಪ್ಪನ ಬೆನ್ನು ಹತ್ತಿ ಬಂದ ಈಕೆ, ಬೆಳೆದು ನಿಂತ ಗಿಡವನ್ನೂ ಬೇರಿನ ಮಣ್ಣು ಉದುರದ ಹಾಗೆ ಎಬ್ಬಿಸಿ, ಗೋಣಿಚೀಲದಲ್ಲಿ ಕಟ್ಟಿ, ಬೇರೆ ಕಡೆ ಕೂರಿಸಿಬಿಡುತ್ತಿದ್ದಳು.

ಅರವತ್ತೆರಡನೇ ಇಸವಿಯಲ್ಲಿ ಅವರಿಗೆ ಚಾಳಿನ ಕೊನೆಯ ಮನೆ ಸಿಕ್ಕಿತು. ಬಹಳ ದಿನದಿಂದ ಖಾಲಿ ಬಿದ್ದ ಮನೆ. ಯಾರಿಗೂ ಆಗಿಬರುವುದಿಲ್ಲ ಎಂದ ಜನ, ಯಾಕೆ ಎಂದು ಮಾತ್ರ ಬಾಯಿ ಬಿಡಲಿಲ್ಲ. ಹಿತ್ತಲಲ್ಲಿ ಆಳೆತ್ತರ ಮುಳ್ಳುಕಂಟಿ. ಸುಶೀಲವ್ವ ಕುಡಗೋಲು ಹಿಡಿದು ದಿನಾ ಒಂದಿಷ್ಟು ಸವರುತ್ತ ಹೋದಾಗ ನಡುವೆ ಒಂದು ನಂದಿಬಟ್ಟಲು ಗಿಡ ಕಂಡಿತು. ಮೈತುಂಬ ಬಿಳಿ ಹೂ. ಸುತ್ತಲಿನ ನೆಲ ಬೇಸಿಗೆಗೆ ಬಿರಿದಿದ್ದರೂ ಅದರ ಬುಡ ಮಾತ್ರ ಒದ್ದೆ. ಮರುದಿನವೂ ಒದ್ದೆ. ನೆಲದಡಿ ಸೆಲೆ ಇರಬೇಕು ಎಂದು ಗೂಳಪ್ಪ ನಕ್ಕು ಪಾಳಿಗೆ ಹೋದ.

ಅಂಥ ಗಿಡ ಯಾರ ಕಣ್ಣಿಗೂ ಬೀಳದೆ ಹಿತ್ತಲಲ್ಲಿರುವುದು ಅವಳಿಗೆ ಸರಿಬರಲಿಲ್ಲ. ಮಳೆ ಬೀಳಲಿ ಎಂದು ಕಾಯುವ ಜೀವವೂ ಅಲ್ಲ. ಟೊಂಗೆ ಸವರಿ, ಸುತ್ತ ಅಗೆದು, ಮಣ್ಣಿನ ಸಮೇತ ಎಬ್ಬಿಸಿ ತಂದು ಬಾಗಿಲ ಮುಂದೆ ನೆಟ್ಟಳು. ಹಿತ್ತಲ ಕುಣಿ ಮುಚ್ಚಿ ಸಮ ಮಾಡಿದಳು.

ಮರುದಿನ ಪಾಳಿಗೆ ಕರೆಯುವ ಬೆಳಗಿನ ಭೋಂಗಾ ಕೂಗಿ ಗಂಡ ಮಿಲ್ಲಿಗೆ ಹೋದ ಮೇಲೆ, ಎಂದಿಗಿಂತ ಬೇಗ ಹಿತ್ತಲ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಬೇಲಿಯ ಸಂದಿಯಿಂದ ಬಂದ ಒಬ್ಬ ಹೆಂಗಸು ತಂಬಿಗೆಯಿಂದ ಬರಿ ನೆಲಕ್ಕೆ ನೀರು ಹಾಕುತ್ತಿದ್ದಳು. ಗಿಡ ಇಲ್ಲದ್ದು ಅವಳಿಗೆ ಲೆಕ್ಕಕ್ಕೇ ಇದ್ದಂತಿರಲಿಲ್ಲ. ಮೇಲಿನ ಚಾಳಿನ ಸತ್ತೆವ್ವ. ನಲ್ಲಿಯ ಹತ್ತಿರ ನೋಡಿದ ಮುಖ.

ಗಿಡ ಮುಂದಿದೆ, ಬೇಕಾದರೆ ಒಯ್ಯಿರಿ ಎಂದು ಸುಶೀಲವ್ವ ತೊದಲಿದಳು.

"ಗಿಡಾ ನಿಮಗ ಇರ್ಲಿ," ಎಂದಳು ಸತ್ತೆವ್ವ. "ಎಷ್ಟ ಆಳ ಅಗದೀರಿ?"

"ಮೊಣಕಾಲ ಮಟಾ."

"ಹಂಗಾರ ಅಂವಗ ತಾಗಿಲ್ಲ ಬಿಡ್ರಿ. ಅಂವ ಇನ್ನೂ ಕೆಳಗ ಅದಾನ."

ಈ ಮನೆಯಲ್ಲಿದ್ದಾಗ ಸತ್ತೆವ್ವ ಹಡೆದ ಕೂಸು. ಹೆಸರಿಡುವ ಮೊದಲೇ ಹೋಯಿತು. ಮಸಣಕ್ಕೆ ಒಯ್ಯಲಾಗದಂಥ ಮಳೆ. ಅವಳ ಗಂಡ ಹಿತ್ತಲಲ್ಲೇ ಮಣ್ಣು ಮಾಡಿ, ನಾಯಿ ಕೆದರದಿರಲಿ ಎಂದು ಮೇಲೊಂದು ಗಿಡ ನೆಟ್ಟಿದ್ದ. ಬೇರೆ ಮನೆಗೆ ಹೋದರೂ ಅವಳು ನೀರು ತಪ್ಪಿಸಿರಲಿಲ್ಲ.

ಸುಶೀಲವ್ವ ಅವತ್ತೇ ಗಿಡವನ್ನು ಮತ್ತೆ ಎಬ್ಬಿಸಿ, ಉದುರಿದ ಮಣ್ಣನ್ನೂ ಸೆರಗಿಗೆ ಬಳಿದುಕೊಂಡು ತಂದು, ಇದ್ದಲ್ಲೇ ನೆಟ್ಟಳು. ಎರಡು ಸಲ ಕಿತ್ತ ಗಿಡ, ಎಲೆ ಉದುರಿಸಿ ಒಣಗಿಹೋಯಿತು. ಅವಳ ಕೈಯಲ್ಲಿ ಗಿಡ ಸತ್ತದ್ದು ಅದೇ ಮೊದಲು. ಆಮೇಲೆ ಯಾರು ಕರೆದರೂ ಇನ್ನೊಬ್ಬರ ಹಿತ್ತಲಲ್ಲಿ ಗುದ್ದಲಿ ಊರಲಿಲ್ಲ. ಸತ್ತೆವ್ವ ಮಾತ್ರ ಬೇಲಿ ಬಿಟ್ಟು ಮುಂದಿನ ಬಾಗಿಲಿನಿಂದ ಬರತೊಡಗಿದಳು.

ಕೆಲವು ವರ್ಷಕ್ಕೆ ಸತ್ತೆವ್ವನ ಗಂಡ ಮಿಲ್ಲು ಬಿಟ್ಟು ಊರಿಗೆ ಹೊರಟ. ಹೊರಡುವ ದಿನ ಅವಳು ತಂಬಿಗೆ ಹಿಡಿದು ಬಂದಳು. ಕೇಳುವ ಮೊದಲೇ ಸುಶೀಲವ್ವ, ನೀರು ತಾನು ಹಾಕುತ್ತೇನೆ ಎಂದಳು. ಹಾಕುವಾಗ ಏನನ್ನಬೇಕು ಎಂದೂ ಕೇಳಿದಳು.

"ಹೆಸರ ಇಟ್ಟಿದ್ದಿಲ್ಲಲ್ರಿ. ನಾ 'ಏಳಪಾ, ಬೆಳಗಾತು' ಅಂತೇನಿ."

ಮರುದಿನ ಭೋಂಗಾ ಕೂಗಿತು. ಸುಶೀಲವ್ವ ಹಿತ್ತಲಿಗೆ ಹೋಗಿ ನೀರು ಹಾಕಿದಳು. ಹೇಳಬೇಕಾದ್ದು ಬಾಯಿಗೆ ಬರಲಿಲ್ಲ. ಕರೆದರೆ ಎದ್ದು ಬಂದುಬಿಟ್ಟಾನು ಎಂಬ ಭಯ. ಎದ್ದು ನೋಡಿದರೆ ಅವ್ವ ಇಲ್ಲವಲ್ಲ ಎಂಬ ಸಂಕಟ. ತಂಬಿಗೆ ಕೆಳಗಿಟ್ಟು, "ಇನ್ನ ಬೆಳಗಾಗಿಲ್ಲ, ಮಲ್ಕೋಪಾ," ಎಂದಳು.