ತಡಿಯಕ್ಕ ಅಳೆಯಲಿಲ್ಲ

ಕಾರ್ಖಾನೆಯ ಅಳತೆ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಸವೆಸಿದವಳಿಗೆ ತಡಿಯಕ್ಕ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಯಾರು ಯಾವ ಉಕ್ಕಿನ ತುಂಡು ತಂದುಕೊಟ್ಟರೂ ಅವಳ ಮೊದಲ ಮಾತು "ತಡೀರಿ". ಕೈಯಲ್ಲಿ ಹಿಡಿದು ತಂದ ಉಕ್ಕು ಕೈಬಿಸಿಗೆ ಕೂದಲೆಳೆಯ ದಪ್ಪದ ಹತ್ತರಲ್ಲೊಂದು ಪಾಲಿನಷ್ಟಾದರೂ ಹಿಗ್ಗಿರುತ್ತದೆ. ಅದು ಕೋಣೆಯ ತಂಪಿಗೆ ಇಳಿಯುವವರೆಗೆ ಅವಳು ಅಳೆಯುತ್ತಿರಲಿಲ್ಲ. ಮೇಲಧಿಕಾರಿಗಳು ಹಲ್ಲು ಕಡಿದದ್ದುಂಟು, ಅವಳು ಜಗ್ಗಿದ್ದಿಲ್ಲ.

ಆ ವರ್ಷ ವಿಶ್ವವಿದ್ಯಾಲಯದವರು ಅಳತೆಯ ವಿಜ್ಞಾನದಲ್ಲಿ ಸಂಶೋಧನೆಗೆ ಒಬ್ಬರನ್ನು ಕರೆದರು. ಭೌತಶಾಸ್ತ್ರ, ಎಂಜಿನಿಯರಿಂಗ್, ಜೀವಶಾಸ್ತ್ರ ಮೂರೂ ಒಂದೇ ಸೂರಿನಡಿ. ಜೀವಕೋಶ ಎಷ್ಟು ಗಟ್ಟಿ, ಎಷ್ಟು ಮೆತ್ತಗೆ ಎಂದು ಅಳೆಯುವ ಕೆಲಸ. ಅನುಭವವಿದ್ದರೆ ಡಿಪ್ಲೊಮಾದವರಾದರೂ ಆದೀತು, ಆದರೆ ನಲವತ್ತೆರಡು ತುಂಬಿರಬಾರದು. ಅವಳಿಗೆ ಎರಡೇ ತಿಂಗಳು ಬಾಕಿ. ಇದು ತಪ್ಪಿದರೆ ಮತ್ತೆ ಸಿಗುವ ಮಾತಿಲ್ಲ.

ಟೈಲರ್ ಗಂಡ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬುದ್ಧಿ ಹೇಳಿದ. "ಅಲ್ಲಾದ್ರೂ ಬೇಗ ಬೇಗ ಮುಗ್ಸೇ. ಒಂಚೂರು ಹೆಚ್ಚುಕಮ್ಮಿ ಆದ್ರೆ ಯಾರ ಗಂಟು ಹೋಗುತ್ತೆ?"

"ನಿಮ್ಮ ಬಟ್ಟೆಯಾದ್ರೆ ಹೊಲಿಗೆ ಬಿಚ್ಚಬಹುದು ಕಣ್ರೀ" ಎಂದು ಹೊರಟಳು.

ಸಂದರ್ಶನಕ್ಕೆ ಕೂತವರು ಇಬ್ಬರು, ಭೌತಶಾಸ್ತ್ರದ ಹಿರಿಯ ಪ್ರೊಫೆಸರು ಮತ್ತು ಜೀವಶಾಸ್ತ್ರದ ಮೇಡಂ. ಪ್ರೊಫೆಸರು ಉಕ್ಕಿನ ತುಂಡೊಂದನ್ನು ಮುಷ್ಟಿಯಲ್ಲಿ ಆಡಿಸುತ್ತಿದ್ದರು. ಅದನ್ನೇ ಮುಂದೆ ಚಾಚಿ, "ಅಳೀರಿ. ಹದಿನೈದು ನಿಮಿಷ ಇದೆ" ಎಂದರು.

ಅವಳು ಕರವಸ್ತ್ರದಲ್ಲಿ ತುಂಡನ್ನು ಹಿಡಿದು, ಅಳೆಯುವ ಯಂತ್ರದ ತಣ್ಣನೆಯ ಕಲ್ಲುಹಾಸಿನ ಮೇಲಿಟ್ಟು, ಕೈಕಟ್ಟಿ ಕೂತಳು. ಐದು ನಿಮಿಷ ಕಳೆಯಿತು.

"ಏನಮ್ಮಾ, ಅಳೆಯೋಕೆ ಬರಲ್ವಾ?"

"ಬರುತ್ತೆ ಸಾರ್. ಇದು ನಿಮ್ಮ ಕೈಲಿ ಬಿಸಿಯಾಗಿದೆ. ಒಂದು ಗಂಟೆ ತಡೀಬೇಕು."

"ಬೆಳಿಗ್ಗೆಯಿಂದ ಹನ್ನೊಂದು ಜನ ಅಳೆದಿದ್ದಾರೆ! ಯಾರಿಗೂ ಇಲ್ಲದ ತೊಂದರೆ ನಿಮಗೊಬ್ಬರಿಗೇನಾ?"

ಏನೋ ಒಂದು ಅಂಕಿ ಗೀಚಿದ್ದರೆ ಮುಗಿಯುತ್ತಿತ್ತು. ಆ ಜಾಗ ಅವಳಿಗೆ ಬೇಕಿತ್ತು, ಜೀವ ಹಿಂಡುವಷ್ಟು ಬೇಕಿತ್ತು. ಅದಕ್ಕೇ ಸಿಟ್ಟು ನೆತ್ತಿಗೇರಿತು.

"ಆ ಹನ್ನೊಂದು ಜನ ಅಳೆದಿದ್ದು ನಿಮ್ಮ ಕೈಬಿಸೀನ ಸಾರ್. ಬೇಕಾದ್ರೆ ನನಗೆ ಸೊನ್ನೆ ಹಾಕಿ. ಸುಳ್ಳು ಅಂಕಿಗೆ ನಾನು ಸಹಿ ಹಾಕಲ್ಲ."

ಉತ್ತರದ ಹಾಳೆಯಲ್ಲಿ 'ಅಳೆದಿಲ್ಲ. ತುಂಡು ಬಿಸಿಯಿದೆ' ಎಂದು ಬರೆದು ಸಹಿ ಹಾಕಿದಳು. ಆದರೆ ಎದ್ದು ಹೋಗಲಿಲ್ಲ.

ಪ್ರೊಫೆಸರ ಮುಖ ಕೆಂಪಾಯಿತು. ಮೇಡಂ ಮಾತ್ರ ಬೆಳಗಿನ ಹನ್ನೊಂದು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಒಂದೇ ತುಂಡು, ಹನ್ನೊಂದು ಉದ್ದ! ಅವರಿಗೆ ನಗು ತಡೆಯಲಾಗಲಿಲ್ಲ.

"ನಾನು ಅಳೆಯೋ ಜೀವಕೋಶಗಳೂ ಹೀಗೇ ಸಾರ್, ಮುಟ್ಟಿದ್ರೆ ಬದಲಾಗ್ತವೆ. ನನಗೆ ಇವರೇ ಬೇಕು."

ಪ್ರೊಫೆಸರು ನಂಬದವರಂತೆ ತುಂಡಿನತ್ತ ಕೈ ಚಾಚಿದರು.

"ಮುಟ್ಬೇಡಿ!" ತಡಿಯಕ್ಕ ಗದರಿದಳು. "ಮುಟ್ಟಿದ್ರೆ ಮತ್ತೆ ಮೊದಲಿಂದ ಕಾಯ್ಬೇಕು."

ಪ್ರೊಫೆಸರು ಕೈ ಹಿಂದಕ್ಕೆಳೆದುಕೊಂಡು, ಕುರ್ಚಿಗೊರಗಿ, ಅವಳ ಜೊತೆ ಕಾಯುತ್ತಾ ಕೂತರು.