ರೈಟರು ತಿದ್ದದ ಸಾಕ್ಷಿ

ಅವರ ಬಲಗೈಯ ನಡುಬೆರಳಿನಲ್ಲಿ ಪೆನ್ನು ಒತ್ತಿ ಒತ್ತಿ ಕಡಲೆಕಾಳಿನಷ್ಟು ಗಂಟು ಕಟ್ಟಿತ್ತು. ಅದರ ಸುತ್ತಲಿನ ಶಾಯಿಕಲೆ ಭಾನುವಾರ ಚರ್ಚಿಗೆ ಹೋಗುವಾಗಲೂ ಮಾಸುತ್ತಿರಲಿಲ್ಲ. ಹೊಸನಗರದ ತಾಲ್ಲೂಕು ಕಚೇರಿಯ ಎದುರು ಜಗಲಿಯೊಂದರಲ್ಲಿ ಕೂತು ಅರ್ಜಿ ಬರೆದುಕೊಡುತ್ತಿದ್ದ ಅವರನ್ನು ಊರೆಲ್ಲ ರೈಟರು ಎನ್ನುತ್ತಿತ್ತು. ಪಕ್ಕದಲ್ಲೇ ಕಂಪ್ಯೂಟರ್ ಅಂಗಡಿ ಬಂದ ಮೇಲೂ ಅವರು ಕೈಬರಹ ಬಿಡಲಿಲ್ಲ. ಮಹಾ ಹಟದ ಮನುಷ್ಯ.

ನಮ್ಮ ಗದ್ದೆಗೆ ಹೋಗುವ ದಾರಿಗೆ ಪಕ್ಕದವರು ಬೇಲಿ ಹಾಕಿದ ವರ್ಷ ನಾನು ಅವರನ್ನು ಹತ್ತಿರದಿಂದ ಕಂಡೆ. ದಾರಿ ಹೋದರೆ ಗದ್ದೆ ಬೀಳು ಬೀಳುತ್ತಿತ್ತು. ಅಪ್ಪನಿಲ್ಲದ ಮನೆಯಲ್ಲಿ ಅಮ್ಮನಿಗಿದ್ದ ಆಸರೆ ಅದೊಂದೇ. ದಾರಿ ಹಳೆಯದೆಂದು ಹೇಳಿಸಲು ದೊಡ್ಡಪ್ಪ ಮೂವರು ಸಾಕ್ಷಿಗಳನ್ನು ಕರೆತಂದರು. ಬರುವಾಗ ಬಸ್ಸಿನಲ್ಲೇ ಮೂವರಿಗೂ ಒಂದೇ ಮಾತನ್ನು ಬಾಯಿಪಾಠ ಮಾಡಿಸಿದ್ದರು. ಎರಡನೆಯವರೂ ಅದನ್ನೇ ಒಪ್ಪಿಸತೊಡಗುತ್ತಲೇ ರೈಟರು ಪೆನ್ನು ಮುಚ್ಚಿದರು.

"ಇದು ಗಿಳಿಪಾಠ. ಯಾರೂ ನಂಬಲ್ಲ" ಎಂದರು.

ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಉಳಿದವರನ್ನು ಕ್ಯಾಂಟೀನಿಗೆ ಅಟ್ಟಿ, ಕಣ್ಣಾರೆ ಕಂಡದ್ದನ್ನಷ್ಟೇ ಕೇಳಿ ಬರೆದುಕೊಂಡರು. ದಾರಿಯ ತಿರುವಿನಲ್ಲಿ ಹಲಸಿನ ಮರವಿತ್ತು ಎಂದರು ಒಬ್ಬರು. ಮಾವಿನದು ಎಂದರು ಇನ್ನೊಬ್ಬರು. ತಿದ್ದಿ ಎಂದು ದೊಡ್ಡಪ್ಪ ಪಟ್ಟು ಹಿಡಿದರೂ ತಿದ್ದಲಿಲ್ಲ. ಸಾಲದ್ದಕ್ಕೆ, ಅಮ್ಮನ ಜೊತೆ ಬಂದಿದ್ದ ಕೂಲಿಯಾಳು ಅಜ್ಜಿಯನ್ನೂ ಮಾತಾಡಿಸಿದರು. ನಮ್ಮ ನಾಟಿಗೆ ವರ್ಷಾನುಗಟ್ಟಲೆ ಆ ದಾರಿಯಲ್ಲೇ ಸಸಿಕಟ್ಟು ಹೊತ್ತವಳು ಅವಳು. ಹೊರೆ ಇಳಿಸಿ ಕೂರುತ್ತಿದ್ದ ಕಲ್ಲೊಂದರ ಮಾತು ಹೇಳಿದಳು. ರೈಟರು ಅವಳ ಹೆಸರನ್ನೇ ಮೊದಲು ಬರೆದರು.

"ಹೆಂಗಸ್ರ ಸಾಕ್ಷಿ ಯಾರು ಕೇಳ್ತಾರೆ ರೈಟ್ರೆ?" ಎಂದರು ದೊಡ್ಡಪ್ಪ.

"ನಮ್ಮ ಶಾಸ್ತ್ರದಲ್ಲಿ, ಸತ್ತ ಯೇಸು ಎದ್ದು ಬಂದ ದಿನ ಸಮಾಧಿ ಖಾಲಿ ಇದ್ದಿದ್ದನ್ನ ಮೊದ್ಲು ಕಂಡಿದ್ದು ಹೆಂಗಸ್ರೇ. ಆ ಕಾಲಕ್ಕೆ ಅವ್ರ ಮಾತಿಗೆ ಬೆಲೆ ಇರ್ಲಿಲ್ಲ. ಕಟ್ಟುಕತೆ ಆಗಿದ್ರೆ ಗಂಡಸ್ರ ಹೆಸ್ರು ಹಾಕ್ತಿದ್ರು. ಕಂಡೋರನ್ನ ಬಿಟ್ಟು ನಾನು ಇನ್ಯಾರ ಹೆಸ್ರು ಬರೀಲಿ?"

ನಾನು ಕಾಲೇಜು ಓದುತ್ತಿದ್ದವಳು, ಸುಮ್ಮನಿರುತ್ತೇನೆಯೇ? ಯೇಸುವಿನ ಕತೆಯನ್ನು ನಾಲ್ವರು ಬರೆದ ನಿಮ್ಮ ನಾಲ್ಕು ಸುವಾರ್ತೆಗಳಲ್ಲಿ, ಆ ಸಮಾಧಿಯ ಬಳಿ ಒಂದು ಕಡೆ ಒಬ್ಬ ದೇವದೂತ, ಇನ್ನೊಂದು ಕಡೆ ಇಬ್ಬರಂತಲ್ಲ ಎಂದು ಕೆಣಕಿದೆ. ಅವರು ನಕ್ಕರು.

"ಅದ್ಕೇ ನಂಬ್ತೀನಮ್ಮ. ನಾಲ್ಕೂ ಜನ ಕೂತು ಮಾತಾಡ್ಕೊಂಡು ಬರೆದಿದ್ರೆ ಅಷ್ಟು ಸರಿ ಮಾಡ್ಕೊಳ್ತಿರ್ಲಿಲ್ವಾ? ಸಮಾಧಿ ಖಾಲಿ ಅನ್ನೋದ್ರಲ್ಲಿ ನಾಲ್ಕೂ ಜನದ್ದೂ ಒಂದೇ ಮಾತು. ಸಾಕ್ಷಿ ಬರೆದೂ ಬರೆದೂ ನನ್ನ ನಂಬಿಕೆ ಗಟ್ಟಿಯಾಯ್ತು ನೋಡು."

ಸ್ಥಳ ನೋಡಲು ಬಂದ ಅಧಿಕಾರಿ ಅಜ್ಜಿಯನ್ನೇ ಮುಂದೆ ನಡೆಸಿದರು. ಬೇಲಿಯ ಆಚೆ, ಪೊದೆಯೊಳಗೆ, ಅವಳು ಹೇಳಿದ ಕಲ್ಲು ಸಿಕ್ಕಿತು. ತಿರುವಿನಲ್ಲಿ ಮರದ ಬುಡವೊಂದು ಕೊಳೆತುಹೋಗಿತ್ತು. ಹಲಸೋ ಮಾವೋ ಯಾರಿಗೂ ತಿಳಿಯಲಿಲ್ಲ; ಮರವಿದ್ದದ್ದಂತೂ ನಿಜ. ತಿಂಗಳೊಳಗೆ ಬೇಲಿ ಹೋಯಿತು.

ಕಳೆದ ಮಳೆಗಾಲದಲ್ಲಿ ರೈಟರು ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಒರಗಿದವರು ಏಳಲಿಲ್ಲ ಎಂದರು ಅವರ ಹೆಂಡತಿ. ಕಾಫಿ ಮುಟ್ಟಲೇ ಇಲ್ಲ ಎಂದ ಮಗ. ಇಬ್ಬರೂ ಅಳುತ್ತಿದ್ದರು. ಯಾವುದು ಸರಿ ಎಂದು ನಾನು ಕೇಳಲಿಲ್ಲ.

ಅವರ ಧರ್ಮ ನನ್ನದಲ್ಲ. ಆದರೆ ಅಂಥ ಮನುಷ್ಯ ಅಷ್ಟು ಅಳೆದು ತೂಗಿ ನಂಬಿದ್ದನ್ನು ಹಗುರವಾಗಿ ಆಡಿಕೊಳ್ಳುವ ಚಾಳಿಯನ್ನು ಬಿಟ್ಟಿದ್ದೇನೆ. ಇದನ್ನು ಬರೆಯುತ್ತಿರುವಾಗ, ಗಂಟು ಇದ್ದದ್ದು ನಡುಬೆರಳಿನಲ್ಲೋ ತೋರುಬೆರಳಿನಲ್ಲೋ ಎಂದು ಅನುಮಾನ ಬಂತು. ತಿದ್ದದೆ ಬಿಟ್ಟಿದ್ದೇನೆ. ಅಮ್ಮ ಇವತ್ತು ಬೆಳಿಗ್ಗೆಯೂ ಆ ದಾರಿಯಲ್ಲೇ ಗದ್ದೆಗೆ ಹೋದಳು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.