ಕಲೆಯಿಲ್ಲದ ರಟ್ಟು

ದಾಬಸ್‌ಪೇಟೆಯಲ್ಲಿ ನಾನು ಬಾಡಿಗೆಗೆ ಓಡಿಸುತ್ತಿದ್ದ ಹಳೇ ಕಾರನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿ ಬೆಳಗ್ಗೆಯೇ ದಣಿದವರಂತೆ ಕಾಣುತ್ತಿದ್ದರು. ಬಾನೆಟ್ ಎತ್ತುವ ಮುಂಚೆ ಒಂದು ನಿಟ್ಟುಸಿರು. ಅಳತೆ ಕಡ್ಡಿಯ ಆಯಿಲನ್ನು ಎರಡು ಬೆರಳಲ್ಲಿ ಉಜ್ಜಿ, "ಗಾಡಿಗೆ ವಯಸ್ಸಾಗೈತೆ ಅಣ್ಣಾ, ಬಲವಂತ ಮಾಡ್ಬೇಡಿ" ಅನ್ನುವರು.

ಮಗಳು ತುಮಕೂರಿನ ಆಸ್ಪತ್ರೆಯಲ್ಲಿ ಹೆತ್ತಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲ ಮೊಮ್ಮಗಳು! ನನ್ನ ಕಾರಿನಲ್ಲೇ ಮನೆಗೆ ಬರಬೇಕು ಅಂತ, ಆಗತಾನೇ ಬಂದಿದ್ದ ದುಬಾರಿ ಸಿಂಥೆಟಿಕ್ ಇಂಜಿನ್ ಆಯಿಲ್ ತಂದೆ.

"ಇದು ಒಳಗಿರೋ ಹಳೇ ಜಿಡ್ಡನ್ನೆಲ್ಲ ತೊಳೆದ್ಬಿಡ್ತದೆ. ಸವೆದಿರೋ ರಬ್ಬರ್ ಸೀಲು ಸೋರದಂಗೆ ಹಿಡ್ಕೊಂಡಿರೋದೇ ಆ ಜಿಡ್ಡು" ಎಂದರು ಮೇಸ್ತ್ರಿ. ನನ್ನ ಹಟಕ್ಕೆ ಸೋತು ಹಾಕಿದರು. "ಎರಡು ದಿನ ಕಾರಿನ ಕೆಳಗೆ ರಟ್ಟು ಹಾಸಿ, ತಂದು ತೋರ್ಸಿ. ಜಾಸ್ತಿ ಸೋರಿದ್ರೆ ಮಗೀನ ಕೂರಿಸ್ಬೇಡಿ."

ರಟ್ಟು ಪೂರಾ ನೆನೆದುಹೋಯಿತು. ಕಾರು ಬೇಡ ಅಂದುಬಿಟ್ಟಾರು ಅಂತ ಹೆದರಿ ಅದನ್ನು ಬಚ್ಚಿಟ್ಟು, ಕಲೆಯಿಲ್ಲದ ಬೇರೊಂದು ರಟ್ಟು ಒಯ್ದು ಕೊಟ್ಟೆ.

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಈ ಗಾಡಿ ಒಂದು ತೊಟ್ಟೂ ಹಾಕ್ದೆ ನಿಂತಿದ್ದು ನಾನು ಕಂಡೇ ಇಲ್ಲ. ಇವತ್ತೇನು, ಮಡಿ ಉಟ್ಕೊಂಡೈತಾ ತಾತಾ?"

ನಾಚಿಕೆಯಾಗಬೇಕಿತ್ತು. ಆದರೆ ಜೀವನದಲ್ಲಿ ಮೊದಲ ಸಲ ನನ್ನನ್ನು ಒಬ್ಬರು ತಾತಾ ಅಂದಿದ್ದರು. ನನಗೆ ಅದೊಂದೇ ಕೇಳಿಸಿತು, ಹಲ್ಲು ಬಿಟ್ಟೆ.

"ನಾಳೆ ಡಿಸ್ಚಾರ್ಜು ಕಣಪ್ಪಾ."

ಮೇಸ್ತ್ರಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಆ ರಟ್ಟನ್ನೇ ನೆಲಕ್ಕೆ ಹಾಸಿ, ಅದರ ಮೇಲೆ ಮಲಗಿ ಕಾರಿನಡಿಗೆ ತೆವಳಿದರು.

"ಗೇರ್‌ಬಾಕ್ಸ್ ಇಳಿಸಿ ಅದರ ಹಿಂದಿರೋ ಇಂಜಿನ್ ಸೀಲ್ ಬದಲಾಯಿಸ್ಬೇಕು, ಸಂಜೆಯಾಗ್ತದೆ. ನಗೋದು ಸಾಕು, ಸ್ಪ್ಯಾನರ್ ಕೊಡಿ."